ಮದ್ದಿನ ಕೌಂಟರ್‌ನಿಂದ: ಸಿರಪ್ಪು, ಡ್ರಾಪ್ಸು, ಮುಲಾಮು – ನೀವು ಕೇಳಿದ್ದು

ನಮ್ಮ ಕಾಸರಗೋಡಿನ ಸುತ್ತಮುತ್ತಲಿನಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬಾಟ್ಲಿಯದ್ದೇ, ಉಳಿದದ್ದು ಟ್ಯೂಬಿನದ್ದು. ಮಾತ್ರೆಯಾದ್ರೆ ಡೋಸ್ ಎಷ್ಟು ಅಂತ ಫ್ಯಾಕ್ಟರಿಯಲ್ಲೇ ತೀರ್ಮಾನ ಆಗಿರ್ತದೆ, ನುಂಗಿದ್ರೆ ಮುಗೀತು. ಸಿರಪ್ಪು, ಮುಲಾಮು ಹಾಗಲ್ಲ ಮಾರಾಯ್ರೆ, ಕಡೇ ಅಳತೆ ನಿಮ್ಮ ಮನೆಯಲ್ಲೇ ಆಗೋದು, ಅದಕ್ಕೇ ಕೌಂಟರ್‌ನಲ್ಲಿ ಇನ್ನೆರಡು ನಿಮಿಷ ನಿಂತು ಕೇಳಿಕೊಂಡು ಹೋಗಿ ಅಂತ ನಾನು ಯಾವಾಗ್ಲೂ ಹೇಳೋದು.

ಪ್ರಶ್ನೆ: ಮಗುವಿಗೆ ಮಂಗಳೂರಿನ ಡಾಕ್ಟ್ರು ಆಂಟಿಬಯೋಟಿಕ್ ಬರೆದಿದ್ರು, ಮದ್ದು ತಗೊಂಡದ್ದು ಇಲ್ಲಿ ಊರಲ್ಲೇ. ಬಾಟ್ಲಿಯಲ್ಲಿ ಬರೀ ಪುಡಿ, ಗೆರೆವರೆಗೆ ನೀರು ಹಾಕಿ ಅಂತ ಮಲಯಾಳದಲ್ಲಿ ಏನೋ ಹೇಳಿದ್ರು, ಅರ್ಧ ಅರ್ಥ ಆಯ್ತು. ನೀರು ಹಾಕಿ ಕುಲುಕಿದ್ರೆ ಗೆರೆಗಿಂತ ಕೆಳಗೆ ಇಳೀತು. ಮತ್ತೆ ಹಾಕ್ಬೇಕಾ ಗೊತ್ತಾಗದೆ ಹಾಗೇ ಕೊಟ್ವಿ. ಕರೆಂಟ್ ಬೇರೆ ಹೋಗ್ತಾ ಬರ್ತಾ ಇರ್ತದೆ, ಫ್ರಿಜ್ ನಂಬೋ ಹಾಗಿಲ್ಲ. ಉಳಿದದ್ದನ್ನು ಮುಂದಿನ ಜ್ವರಕ್ಕೆ ಇಡ್ಬಹುದಾ? – ಪೆರ್ಲದಿಂದ ಒಬ್ಬ ತಾಯಿ

ಹಾಕ್ಬೇಕು. ಕುಲುಕಿದ ಮೇಲೆ ಇಳಿಯೋದು ಸಹಜ, ಪುಡಿಯ ನಡುವೆ ಇದ್ದ ಗಾಳಿ ಹೊರಗೆ ಬರ್ತದಲ್ಲ, ಮತ್ತೆ ಗೆರೆವರೆಗೆ ತುಂಬಿಸಿದ್ರೇ ಲೇಬಲ್‌ನಲ್ಲಿ ಬರೆದ ಲೆಕ್ಕ ಸರಿ ಬರೋದು. ಈಗ ನೋಡಿ, 5 ಮಿಲಿಯಲ್ಲಿ 200 ಮಿಗ್ರಾಂ ಅಮಾಕ್ಸಿಸಿಲಿನ್ ಅಂತ ಬರೆದ 30 ಮಿಲಿ ಬಾಟ್ಲಿಯಲ್ಲಿ ಒಟ್ಟು ಇರೋದು 1200 ಮಿಗ್ರಾಂ. ನೀವು 25 ಮಿಲಿಗೇ ನಿಲ್ಲಿಸಿದ್ರೆ ಪ್ರತಿ 5 ಮಿಲಿಯಲ್ಲೂ 240 ಹೋಗ್ತದೆ, ಕೈ ತಪ್ಪಿ 40 ಮಿಲಿ ಮಾಡಿದ್ರೆ ಬರೀ 150. ಒಂದು ಡೋಸಿಗೆ ಆಕಾಶ ಬೀಳೋದಿಲ್ಲ, ಆದ್ರೆ ಐದು ದಿನ ಪೂರ್ತಿ ಕಡಿಮೆ ಡೋಸ್ ಹೋದ್ರೆ ಕೀಟಾಣು ಸಾಯದೆ ಮದ್ದಿಗೇ ಅಭ್ಯಾಸ ಆಗಿಬಿಡೋ ಅಪಾಯ ಉಂಟು. ನಿಮ್ಮದು ಬೇರೆ ಲೆಕ್ಕ, ಗೆರೆಗಿಂತ ಸ್ವಲ್ಪ ಕೆಳಗೆ ನಿಂತದ್ದಕ್ಕೆ ಮದ್ದು ಸ್ವಲ್ಪ ಗಟ್ಟಿ ಆಯ್ತು ಅಷ್ಟೆ, ಹೆದರ್ಬೇಡಿ. ಆದ್ರೆ ಈಗ ಉಳಿದ ಬಾಟ್ಲಿಗೆ ನೀರು ಹಾಕೋದಕ್ಕೆ ಹೋಗ್ಬೇಡಿ, ಅರ್ಧ ಖಾಲಿಯಾದ ಮೇಲೆ ಗೆರೆಗೆ ಅರ್ಥ ಇಲ್ಲ.

ಮುಂದಿನ ಸಲಕ್ಕೆ ಕ್ರಮ ಹೇಳ್ತೇನೆ. ಮೊದಲು ಮುಚ್ಚಳ ತೆಗೆಯದೆ ಬಾಟ್ಲಿಯನ್ನು ತಲೆಕೆಳಗೆ ಮಾಡಿ ಅಂಗೈಗೆ ತಟ್ಟಿ, ತಳದಲ್ಲಿ ಅಂಟಿದ ಪುಡಿ ಸಡಿಲ ಆಗ್ಲಿ. ನೀರು ಕುದಿಸಿ ಪೂರ್ತಿ ಆರಿಸಿದ್ದೇ ಆಗ್ಬೇಕು, ಉಗುರು ಬೆಚ್ಚಗೆ ಇದ್ರೂ ಬೇಡ, ಕೆಲವು ಕಂಪೆನಿಯವರು ಪೆಟ್ಟಿಗೆಯಲ್ಲೇ ನೀರಿನ ಸಣ್ಣ ಪ್ಲಾಸ್ಟಿಕ್ ಕುಪ್ಪಿ ಇಟ್ಟಿರ್ತಾರೆ, ಇದ್ರೆ ಅದನ್ನೇ ಹಾಕಿ. ಒಟ್ಟಿಗೇ ಸುರೀಬೇಡಿ, ಮೈದಾ ಹಿಟ್ಟಿಗೆ ಒಮ್ಮೆಲೇ ನೀರು ಸುರಿದ್ರೆ ಗಂಟು ಕಟ್ತದಲ್ಲ ಹಾಗೇ ಆಗ್ತದೆ ಇದೂ. ಅರ್ಧ ಹಾಕಿ ಚೆನ್ನಾಗಿ ಕುಲುಕಿ, ನೊರೆ ಇಳೀಲಿಕ್ಕೆ ಬಿಡಿ, ಆಮೇಲೆ ಬಾಟ್ಲಿಯನ್ನು ಸಮ ಜಾಗದಲ್ಲಿಟ್ಟು ಕಣ್ಣಿನ ಎತ್ತರದಲ್ಲಿ ನೋಡ್ಕೊಂಡು ಗೆರೆವರೆಗೆ ತುಂಬಿಸಿ, ಮತ್ತೆ ಕುಲುಕಿ. ಇಷ್ಟು ಕೆಲಸ ಅಂಗಡಿಯಲ್ಲೇ ಮಾಡಿಸ್ಕೊಂಡು ಬಂದ್ರೂ ಆಯ್ತು, ಕೇಳಿದ್ರೆ ಮಾಡಿಕೊಡ್ತಾರೆ, ಮಾಡಿಕೊಡ್ಬೇಕು.

ಇನ್ನು ಫ್ರಿಜ್ ವಿಷ್ಯ. ಪುಡಿಯಾಗಿ ಮಾರೋದೇ ಯಾಕಂದ್ರೆ ನೀರು ತಾಗಿದ ಕ್ಷಣದಿಂದ ಈ ಮದ್ದು ಕೆಡ್ಲಿಕ್ಕೆ ಶುರು. ಅದರಲ್ಲೂ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಸಿಡ್ ಇರೋ ಬಾಟ್ಲಿ ಉಂಟಲ್ಲ, ಆ ಎರಡನೇದು ಬಹಳ ನಾಜೂಕು, ಕಲಸಿದ ಮೇಲೆ ಫ್ರಿಜ್ಜಿನಲ್ಲಿಟ್ಟು 7 ದಿನದೊಳಗೆ ಮುಗಿಸ್ಬೇಕು, ಫ್ರೀಜರ್‌ನಲ್ಲಿ ಇಡ್ಲಿಕ್ಕಿಲ್ಲ. ಅಜಿತ್ರೋಮೈಸಿನ್ ಸಿರಪ್ಪಿಗೆ ಸಾಮಾನ್ಯವಾಗಿ ಫ್ರಿಜ್ ಬೇಡ, ಆದ್ರೂ ಲೇಬಲ್ ನೋಡಿ. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆಗೆಯದೆ ಇದ್ರೆ ಸ್ವಲ್ಪ ಹೊತ್ತು ತಣ್ಣಗೇ ಇರ್ತದೆ, ಗಾಳಿಮಳೆಗೆ ಲೈನ್ ತುಂಡಾಗಿ ಇಡೀ ದಿನ ಇಲ್ಲ ಅನ್ನೋ ಕಡೆ, ಅಡೂರು, ದೇಲಂಪಾಡಿ ಆ ಬದಿಯವರು, ಡಾಕ್ಟ್ರ ಹತ್ರ ಮೊದಲೇ ಹೇಳಿ, ನೀರಲ್ಲಿ ಕರಗಿಸಿ ಕೊಡೋ ಮಾತ್ರೆ ಕೆಲವು ಆಂಟಿಬಯೋಟಿಕ್‌ಗೆ ಸಿಗ್ತದೆ, ಆಗಾಗ ಒಂದೊಂದೇ ಕರಗಿಸೋದರಿಂದ ಫ್ರಿಜ್ಜಿನ ತಲೆಬಿಸಿ ಇಲ್ಲ. ಎರಡು ಬಾಟ್ಲಿ ಕೊಟ್ಟಿದ್ರೆ ಎರಡನ್ನೂ ಒಟ್ಟಿಗೆ ಕಲಸಿಡ್ಬೇಡಿ, ಮೊದಲನೇದು ಮುಗಿದ ಮೇಲೆ ಎರಡನೇದು. ಮುಂದಿನ ಜ್ವರಕ್ಕೆ ಇಡೋ ಮಾತೇ ಇಲ್ಲ.

ಭಾಷೆಯ ಕಷ್ಟ ನಮ್ಮ ಕಡೆ ಎಲ್ಲರದ್ದೂ. ಲೇಬಲ್ ಇಂಗ್ಲಿಷಲ್ಲಿ, ಹೇಳೋದು ಮಲಯಾಳದಲ್ಲಿ, ಮನೆಯಲ್ಲಿ ಕೊಡೋ ಅಜ್ಜಿಗೆ ಬರೋದು ಕನ್ನಡ ಇಲ್ಲಾ ತುಳು. ಅದಕ್ಕೆ ನಾಚಿಕೆ ಬಿಟ್ಟು ಸಿರಿಂಜ್ ಮೇಲೆ ಪೆನ್ನಲ್ಲಿ ಗೆರೆ ಎಳೆದುಕೊಡಿ ಅಂತ ಕೇಳಿ, ಗೆರೆ ಎಲ್ಲರಿಗೂ ಓದ್ಲಿಕ್ಕೆ ಬರ್ತದೆ.

ಪ್ರಶ್ನೆ: ಪ್ಯಾರಾಸಿಟಮಾಲ್ ಡ್ರಾಪ್ಸ್ 1 ಮಿಲಿ ಅಂತ ಚೀಟಿಯಲ್ಲಿತ್ತು. ಅಂಗಡಿಯಲ್ಲಿ ಡ್ರಾಪ್ಸ್ ಇರ್ಲಿಲ್ಲ, ಸಿರಪ್ ಕೊಟ್ರು, ಎರಡೂ ಒಂದೇ ಮದ್ದು ಅಂದ್ರು. ನಾವು ಅದನ್ನೇ 1 ಮಿಲಿ ಕೊಟ್ವಿ, ಜ್ವರ ಇಳೀಲೇ ಇಲ್ಲ. – ಮಂಜೇಶ್ವರ

ಇಳೀಲಿಕ್ಕೆ ಅದರಲ್ಲಿ ಮದ್ದೇ ಇಲ್ವಲ್ಲ! ಮದ್ದು ಒಂದೇ, ಗಟ್ಟಿತನ ಬೇರೆ. ಡ್ರಾಪ್ಸ್ ಅಂದ್ರೆ ಸಾಮಾನ್ಯವಾಗಿ 1 ಮಿಲಿಯಲ್ಲೇ 100 ಮಿಗ್ರಾಂ. ಸಿರಪ್ಪಾದ್ರೆ 5 ಮಿಲಿಯಲ್ಲಿ 125, ಇನ್ನೊಂದು ನಮೂನೆ 5 ಮಿಲಿಯಲ್ಲಿ 250. ನೀವು ಕೊಟ್ಟ 1 ಮಿಲಿಯಲ್ಲಿ ಹೋದದ್ದು 25 ಇಲ್ಲಾ 50 ಮಿಗ್ರಾಂ. ಇದು ಉಲ್ಟಾ ಆದ್ರೆ ಮಾತ್ರ ನಿಜವಾಗಿ ಹೆದರ್ಬೇಕು, ಸಿರಪ್ 5 ಮಿಲಿ ಅಂತ ಬರೆದದ್ದನ್ನು ಡ್ರಾಪ್ಸ್ ಬಾಟ್ಲಿಯಿಂದ 5 ಮಿಲಿ ಕೊಟ್ರೆ 500 ಮಿಗ್ರಾಂ, ಅದು ದೊಡ್ಡವರ ಮಾತ್ರೆಯ ಲೆಕ್ಕ. ಮಗುವಿಗೆ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಗ್ರಾಂ ಅಂತ ಲೆಕ್ಕ ಹಾಕೋದು, 8 ಕಿಲೋ ಮಗುವಿಗೆ 80ರಿಂದ 120. ಹಾಗಾಗಿ ಚೀಟಿಯಲ್ಲಿ ಮಿಲಿ ಮಾತ್ರ ಬರೆದಿದ್ರೆ ಸಾಲದು, ಎಷ್ಟು ಮಿಗ್ರಾಂ ಅಂತಲೂ ಕೇಳಿ, ಬ್ರಾಂಡ್ ಬದಲಾದಾಗಲೆಲ್ಲ ಕೇಳಿ. ಮಂಗಳೂರಿನ ಚೀಟಿ ಹಿಡ್ಕೊಂಡು ತಲಪಾಡಿ ಗಡಿ ದಾಟಿ ಬಂದ್ರೆ ಆ ಬ್ರಾಂಡ್ ಇಲ್ಲಿ ಇಲ್ದೆ ಇರೋದು ಮಾಮೂಲಿ.

ಅಳೆಯೋದಕ್ಕೆ ಮನೆ ಚಮಚ ಬೇಡವೇ ಬೇಡ. ಟೀ ಚಮಚ ಅಂದ್ರೆ ಪುಸ್ತಕದಲ್ಲಿ 5 ಮಿಲಿ, ಮನೆಯಲ್ಲಿ ಒಂದೊಂದು ಚಮಚಕ್ಕೆ ಒಂದೊಂದು ಅಳತೆ, ಅಜ್ಜಿಯ ಕಾಲದ ಸ್ಟೀಲ್ ಚಮಚದಲ್ಲಂತೂ ಕೇಳೋದೇ ಬೇಡ. ಸೂಜಿ ಇಲ್ಲದ ಸಿರಿಂಜ್ ತಗೊಳ್ಳಿ, ಮಗುವನ್ನು ಕೂರಿಸಿ ಕೆನ್ನೆಯ ಒಳಬದಿಗೆ ಮೆಲ್ಲ ಮೆಲ್ಲ ಹಾಕಿ, ನೇರ ಗಂಟಲಿಗೆ ಬೇಡ. ಹಾಲಿನ ಲೋಟಕ್ಕೆ ಮದ್ದು ಬೆರೆಸೋ ಉಪಾಯ ಬೇಡ, ಅರ್ಧ ಕುಡಿದು ಅರ್ಧ ಬಿಟ್ರೆ ಎಷ್ಟು ಹೋಯ್ತು ಅಂತ ಯಾರಿಗೂ ಗೊತ್ತಿಲ್ಲ.

ಪ್ರಶ್ನೆ: ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಹೋದ ಸುದ್ದಿ ನೋಡಿದ ಮೇಲೆ ಮನೆಯಲ್ಲಿದ್ದ ಎಲ್ಲಾ ಸಿರಪ್ಪೂ ಬಿಸಾಡಿದ್ದೇನೆ. ಸಿರಪ್ ಅಂದ್ರೆ ಬರೀ ಸಕ್ಕರೆ ನೀರಲ್ವಾ, ಅದರಲ್ಲಿ ವಿಷ ಎಲ್ಲಿಂದ ಬರ್ತದೆ? – ಬದಿಯಡ್ಕ

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದ್ದು ನೀವು ಹೇಳ್ತಿರೋದು, 20ಕ್ಕಿಂತ ಜಾಸ್ತಿ ಮಕ್ಕಳು. ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ 48.6% ಇತ್ತು ಅಂತ ತಮಿಳುನಾಡಿನ ಸರ್ಕಾರಿ ಲ್ಯಾಬಿನಲ್ಲಿ ಸಿಕ್ತು, ಇರ್ಬಹುದಾದ ಮಿತಿ 0.1%. ನೀರಲ್ಲಿ ಸರಿಯಾಗಿ ಕರಗದ ಮದ್ದುಗಳನ್ನು ಕರಗಿಸ್ಲಿಕ್ಕೆ, ದಪ್ಪ ಬರ್ಲಿಕ್ಕೆ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಇಂಥದ್ದು ಹಾಕ್ತಾರೆ, ಈ ವಿಷವೂ ನೋಡ್ಲಿಕ್ಕೆ ಅವುಗಳ ಹಾಗೇ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಸಿಹಿ, ಕ್ರಯ ಕಡಿಮೆ. ಹೊಟ್ಟೆಗೆ ಹೋದ್ರೆ ಕಿಡ್ನಿ ಹೋಗ್ತದೆ, ಮೂತ್ರ ನಿಲ್ತದೆ. ಕಚ್ಚಾ ಮಾಲಿನ ಡ್ರಮ್ ಬಂದಾಗ ಟೆಸ್ಟ್ ಮಾಡಿದ್ರೆ ಅಲ್ಲೇ ಸಿಕ್ಕಿಬೀಳೋ ವಿಷ್ಯ ಇದು, ಮಾಡದೇ ಬಿಡೋದೇ ರೋಗ. ಹೊಸತೂ ಅಲ್ಲ, 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಅನ್ನೋ ಮದ್ದನ್ನು ಇದರಲ್ಲೇ ಕರಗಿಸಿ ಮಾರಿ ನೂರಕ್ಕಿಂತ ಹೆಚ್ಚು ಜನ ಸತ್ರು, 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್‌ನಿಂದ 14 ಜನ, 2022ರಲ್ಲಿ ಗ್ಯಾಂಬಿಯಾದಲ್ಲಿ ಮತ್ತೆ ಮಕ್ಕಳು. ಪ್ರತಿ ಸಲವೂ ಅದೇ ಕಥೆ ಅನ್ನೋದೇ ಸಿಟ್ಟು ಬರೋ ವಿಷ್ಯ.

ಎಲ್ಲಾ ಸಿರಪ್ ಬಿಸಾಡ್ಬೇಕಾಗಿರ್ಲಿಲ್ಲ, ಜ್ವರದ್ದು, ಫಿಟ್ಸಿನದ್ದು ಅವಶ್ಯ ಇರೋದು. ಕೆಮ್ಮಿನದ್ದು ಬಿಸಾಡಿದ್ದಕ್ಕೆ ಬೇಜಾರಿಲ್ಲ. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಮದ್ದು ಕೊಡ್ಲೇಬಾರ್ದು, 5ರೊಳಗೆ ಸಾಮಾನ್ಯವಾಗಿ ಬೇಡ ಅಂತ ಕೇಂದ್ರದವರೇ ಹೇಳಿದ್ದಾರೆ, ಕೇರಳದಲ್ಲಿ 12ರೊಳಗಿನ ಮಕ್ಕಳಿಗೆ ಚೀಟಿ ಇಲ್ದೆ ಕೆಮ್ಮಿನ ಸಿರಪ್ ಮಾರ್ಬಾರ್ದು ಅಂತ ಸೂಚನೆ ಬಂದಿದೆ. "ಚೀಟಿ ಇಲ್ಲ, ಹೋದ ಸಲದ್ದೇ ಕೊಡಿ" ಅಂತ ಕೌಂಟರ್‌ನಲ್ಲಿ ಜಗಳ ಮಾಡೋರಿಗೆ ಇದನ್ನು ಓದಿ ಹೇಳಿ ಒಮ್ಮೆ. ಒಂದು ವರ್ಷ ದಾಟಿದ ಮಗುವಿಗೆ ಚೂರು ಜೇನು ನೆಕ್ಕಿಸಿ, ಒಂದರೊಳಗೆ ಜೇನೂ ಬೇಡ. ಉಸಿರಾಟ ಜೋರಾದ್ರೆ, ಹಾಲು ಕುಡೀದಿದ್ರೆ ಡಾಕ್ಟ್ರ ಹತ್ರ ಹೋಗಿ.

ಪ್ರಶ್ನೆ: ನಾನು ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮೊದಲ ವರ್ಷ. ಎಲ್ಲಾ ಮದ್ದೂ ರೆಡಿಮೇಡ್ ಬರುವಾಗ ಲ್ಯಾಬಿನಲ್ಲಿ ಸಿಂಪಲ್ ಸಿರಪ್, ವಿಟ್‌ಫೀಲ್ಡ್ ಮುಲಾಮು ಅಂತೆಲ್ಲ ಕೈಯಲ್ಲಿ ಮಾಡಿಸ್ತಾರೆ. ಎಂತಕ್ಕೆ? – ಕಾಸರಗೋಡು ಹತ್ತಿರದಿಂದ

ಕೈಯಲ್ಲಿ ಮಾಡಿದ್ರೇ ಎಲ್ಲಿ ಕೆಡ್ತದೆ ಅಂತ ಗೊತ್ತಾಗೋದು. ಸಿಂಪಲ್ ಸಿರಪ್ಪಿನಲ್ಲಿ 100 ಗ್ರಾಂಗೆ ಸಕ್ಕರೆಯೇ 66.7 ಗ್ರಾಂ, ಇದು ರುಚಿಗೆ ಮಾತ್ರ ಅಂತ ತಿಳ್ಕೊಳ್ಬೇಡ, ಅಷ್ಟು ಸಕ್ಕರೆ ಇದ್ರೆ ಬೂಸ್ಟಿಗೆ ಬೇಕಾದ ನೀರೇ ಉಳಿಯೋದಿಲ್ಲ. ಕಡಿಮೆ ಆದ್ರೆ ಬೂಸ್ಟು ಹಿಡೀತದೆ, ಜಾಸ್ತಿ ಆದ್ರೆ ತಳದಲ್ಲಿ ಹರಳು ಕಟ್ತದೆ, ಬೇಗ ಮುಗಿಸೋಣ ಅಂತ ಉರಿ ಜೋರು ಮಾಡಿದ್ರೆ ಸಕ್ಕರೆ ಒಡೆದು ಹಳದಿ ತಿರುಗ್ತದೆ. ಇದು ಗೊತ್ತಿದ್ದವ ನಾಳೆ ಕೌಂಟರ್‌ನಲ್ಲಿ ಸಿರಪ್ಪಿಗೆ ನೀರು ಸೇರಿಸಿಟ್ಕೊಳ್ಳಿ ಅಂತ ಯಾರಿಗೂ ಹೇಳೋದಿಲ್ಲ.

ವಿಟ್‌ಫೀಲ್ಡ್ ಅಂದ್ರೆ ಗಜಕರ್ಣದಂಥ ಫಂಗಸ್‌ಗೆ ಹಚ್ಚೋ ಮುಲಾಮು, ಬೆನ್ಜೋಯಿಕ್ ಆಸಿಡ್ 6%, ಸ್ಯಾಲಿಸಿಲಿಕ್ ಆಸಿಡ್ 3%. 50 ಗ್ರಾಂ ಮಾಡ್ಬೇಕಾದ್ರೆ 3 ಗ್ರಾಂ, ಒಂದೂವರೆ ಗ್ರಾಂ, ಉಳಿದ 45.5 ಗ್ರಾಂ ಬೇಸ್, ಅಂದ್ರೆ ಮದ್ದು ಬೆರೆಸೋ ಜಿಡ್ಡು. ಪುಡಿ ನುಣ್ಣಗೆ ಅರೆದು ಜರಡಿ ಹಿಡಿದು, ಟೈಲಿನ ಮೇಲೆ ಮೊದಲು ಚೂರೇ ಚೂರು ಬೇಸ್ ಜೊತೆ ಸ್ಪಾಚುಲದಲ್ಲಿ ಚೆನ್ನಾಗಿ ತಿಕ್ಕು, ಆಮೇಲೆ ಎಷ್ಟು ಆಗಿದೆಯೋ ಅಷ್ಟೇ ಬೇಸ್ ಸೇರಿಸ್ತಾ ದುಪ್ಪಟ್ಟು ದುಪ್ಪಟ್ಟು ಮಾಡ್ತಾ ಹೋಗು. ಎಲ್ಲಾ ಒಂದೇ ಸಲ ಗುಡ್ಡೆ ಹಾಕಿ ಕಲಸಿದ್ರೆ ಒಂದು ಮೂಲೆಯಲ್ಲಿ ಆಸಿಡ್ ಗಟ್ಟಿ ನಿಂತು ಚರ್ಮ ಸುಡ್ತದೆ, ಇನ್ನೊಂದು ಮೂಲೆಯಲ್ಲಿ ಬರೀ ಜಿಡ್ಡು. ಬೆರಳಲ್ಲಿ ಉಜ್ಜಿ ನೋಡು, ಮರಳು ಮರಳು ಸಿಕ್ರೆ ಆಗ್ಲಿಲ್ಲ ಅಂತ ಅರ್ಥ. ನಿಮ್ಮ ಅಜ್ಜನ ಹತ್ರ ಕೇಳಿ ನೋಡು, ಹಿಂದೆ ಆಸ್ಪತ್ರೆಗೆ ಮನೆಯಿಂದ ಬಾಟ್ಲಿ ತೊಳೆದು ತಗೊಂಡು ಹೋಗ್ತಿದ್ರು, ಕಂಪೌಂಡರ್ ಮಿಕ್ಸ್ಚರ್ ತುಂಬಿಸಿ ಬಾಟ್ಲಿಯ ಬದಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡ್ತಿದ್ರು, ಒಂದು ಹಲ್ಲು ಅಂದ್ರೆ ಒಂದು ಡೋಸ್. ಓದು ಬಾರದವರಿಗೂ ಅರ್ಥ ಆಗ್ತಿತ್ತು, ಈಗಿನ ಲೇಬಲ್ ಬಿಡು, ಭೂತಗನ್ನಡಿ ಬೇಕು.

ಪ್ರಶ್ನೆ: ಅಡಿಕೆ ತೋಟದಲ್ಲಿ ಕೆಲಸ. ಮಳೆಗಾಲ ಬಂತು ಅಂದ್ರೆ ತೊಡೆ ಸಂದಿಯಲ್ಲಿ ಗಜಕರ್ಣ. ಅಂಗಡಿಯಿಂದ ಒಂದು ಟ್ಯೂಬ್ ತಂದು ಹಚ್ಚಿದ್ರೆ ಎರಡೇ ದಿನದಲ್ಲಿ ತುರಿಕೆ ಮಾಯ, ಬಿಟ್ರೆ ಮೊದಲಿಗಿಂತ ದೊಡ್ಡ ವೃತ್ತ. ಕ್ರೀಮ್ ಬಿಟ್ಟು ಆಯಿಂಟ್‌ಮೆಂಟ್ ಹಚ್ಲಾ? – ಮುಳ್ಳೇರಿಯ

ಎರಡೇ ದಿನದಲ್ಲಿ ಮಾಯ ಅಂದ್ರೆ ಅದರಲ್ಲಿ ಸ್ಟಿರಾಯ್ಡ್ ಇರೋ ಸಾಧ್ಯತೆಯೇ ಹೆಚ್ಚು. ಟ್ಯೂಬಿನ ಹಿಂದೆ ನೋಡಿ, ಕ್ಲೊಬೆಟಾಸಾಲ್, ಬೆಟಾಮೆಥಾಸೋನ್, ಹೀಗೆ ಏನಾದ್ರೂ ಇದೆಯಾ ಅಂತ. ಅದು ಕೆಂಪು, ತುರಿಕೆ ಅಡಗಿಸ್ತದೆ, ಅಡಿಯಲ್ಲಿ ಫಂಗಸ್ ಆರಾಮಾಗಿ ಹಬ್ತದೆ, ಸಂದಿಯ ಚರ್ಮ ತೆಳುವಾಗಿ ಗೀರು ಬೀಳ್ತದೆ. 2018ರಿಂದ ಇಂಥ ಟ್ಯೂಬ್ ಚೀಟಿ ಇಲ್ದೆ ಮಾರೋ ಹಾಗಿಲ್ಲ, ಆದ್ರೂ ಸಿಗ್ತದೆ, ನಮ್ಮವರೇ ಕೊಡ್ತಾರೆ, ಹೇಳ್ಲಿಕ್ಕೆ ಮುಜುಗರ. ಅದನ್ನು ನಿಲ್ಲಿಸಿ ಚರ್ಮದ ಡಾಕ್ಟ್ರಿಗೆ ತೋರ್ಸಿ.

ಕ್ರೀಮೋ ಆಯಿಂಟ್‌ಮೆಂಟೋ ಅಂದ್ರೆ, ನಿಮ್ಮ ಜಾಗಕ್ಕೆ ಕ್ರೀಮೇ ಸರಿ. ಆಯಿಂಟ್‌ಮೆಂಟ್ ಜಿಡ್ಡು, ಬೆವರನ್ನು ಒಳಗೇ ಕಟ್ಟಿಹಾಕ್ತದೆ, ಒಡೆದ ಹಿಮ್ಮಡಿಗೆ ಒಳ್ಳೇದು, ಒದ್ದೆ ಸಂದಿಗೆ ಬೇಡ. ಫಂಗಸ್ ಮಾತ್ರ ಕೊಲ್ಲೋ ಕ್ರೀಮ್ ಡಾಕ್ಟ್ರು ಕೊಟ್ರೆ ತೊಳೆದು ಪೂರ್ತಿ ಒಣಗಿಸಿ, ವೃತ್ತದ ಅಂಚಿನಿಂದ ಎರಡು ಸೆಂಟಿಮೀಟರ್ ಹೊರಗಿನವರೆಗೂ ಹಚ್ಚಿ, ವಾಸಿಯಾದ ಹಾಗೆ ಕಂಡ ಮೇಲೂ ಒಂದೆರಡು ವಾರ ಬಿಡ್ಬೇಡಿ. ಅಳತೆ ಬೇಕಾದ್ರೆ, ತೋರುಬೆರಳಿನ ಮೇಲಿನ ಗಂಟಿನಿಂದ ತುದಿವರೆಗೆ ಹಿಂಡಿದ್ರೆ ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮನೆಯವರಿಗೂ ಇದ್ರೆ ಎಲ್ಲರೂ ಒಟ್ಟಿಗೇ ಮದ್ದು ಮಾಡ್ಬೇಕು, ಟವೆಲ್ ಬೇರೆ ಬೇರೆ ಇಡಿ.

ಪ್ರಶ್ನೆ: ಕ್ಯಾಲಮೈನ್ ಲೋಷನ್ ತಳದಲ್ಲಿ ಗಟ್ಟಿ ಕೂತಿದೆ, ಕೆಟ್ಟಿದೆಯಾ? – ಉಪ್ಪಳ

ಕೆಟ್ಟಿಲ್ಲ. ಅದು ನೀರಲ್ಲಿ ಕರಗದ ಪುಡಿ, ಕ್ಯಾಲಮೈನ್ 15%, ಜಿಂಕ್ ಆಕ್ಸೈಡ್ 5%, ಕೂತೇ ಕೂರ್ತದೆ. ಜೋರಾಗಿ ಕುಲುಕಿದಾಗ ಎದ್ದು ಒಂದೇ ಸಮ ಆದ್ರೆ ಹಚ್ಚಿ, ಎಷ್ಟು ಕುಲುಕಿದ್ರೂ ತಳದ ಗಟ್ಟಿ ಏಳದಿದ್ರೆ ಬಿಸಾಡಿ. ಕುಲುಕದೆ ಮೇಲಿನ ತಿಳಿ ಮಾತ್ರ ಹಚ್ಚಿ ಪ್ರಯೋಜನ ಇಲ್ಲ ಅಂತ ಬೈಯೋರೇ ಜಾಸ್ತಿ ಬರೋದು. ಒಡೆದ ಗಾಯಕ್ಕೆ, ಕಣ್ಣಿನ ಹತ್ರ ಬೇಡ.

ಪ್ರಶ್ನೆ: ಅಮ್ಮನ ಕಣ್ಣಿಗೆ ಎರಡು ಥರ ಡ್ರಾಪ್ಸ್. ಹೋದ ವರ್ಷದ್ದೂ ಅರ್ಧ ಉಂಟು, ಎಕ್ಸ್‌ಪೈರಿ ಆಗಿಲ್ಲ. – ಕುಂಬಳೆ

ಪೆಟ್ಟಿಗೆ ಮೇಲಿನ ಎಕ್ಸ್‌ಪೈರಿ ಸೀಲ್ ಒಡೆಯದ ಬಾಟ್ಲಿಗೆ ಮಾತ್ರ. ಒಡೆದ ಮೇಲೆ ಸಾಮಾನ್ಯವಾಗಿ 28 ದಿನ, ಅಷ್ಟೆ, ಒಡೆದ ತಾರೀಕು ಅಲ್ಲೇ ಬರೆದಿಡಿ. ಒಂದು ಹನಿ ಸಾಕು, ಹಾಕಿ ಮೂಗಿನ ಬದಿಯ ಕಣ್ಣಿನ ಮೂಲೆ ಒಂದೆರಡು ನಿಮಿಷ ಮೆಲ್ಲ ಒತ್ತಿಹಿಡೀರಿ, ಎರಡನೇದು ಐದು ನಿಮಿಷ ಬಿಟ್ಟು. ಬಾಟ್ಲಿಯ ಮೂತಿ ರೆಪ್ಪೆಗೆ ತಾಗದಿರ್ಲಿ. ಹೋದ ವರ್ಷದ್ದು ಇವತ್ತೇ ಬಿಸಾಡಿ.