ಏಳರ ಬಸ್ಸಿಗೆ ಪೇಲಿಯೊ ಡಬ್ಬಿ

ಪ್ರಶ್ನೆ: ನನಗೆ 36 ವರ್ಷ. ಮನೆ ದಾವಣಗೆರೆಯಲ್ಲಿ, ಕೆಲಸ ಚಿತ್ರದುರ್ಗದಲ್ಲಿ. ಬೆಳಿಗ್ಗೆ ಏಳರ ಬಸ್ಸು ಹಿಡಿದರೆ ಮನೆ ಸೇರುವಾಗ ರಾತ್ರಿ ಎಂಟು. ಮೂರು ತಿಂಗಳಿಂದ, ಬೇಸಾಯಕ್ಕೂ ಹಿಂದಿನ ಶಿಲಾಯುಗದವರ ಊಟವನ್ನು ಅನುಸರಿಸುವ ಪೇಲಿಯೊ ಆಹಾರಕ್ರಮದಲ್ಲಿದ್ದೇನೆ. ಅನ್ನ, ರೊಟ್ಟಿ, ರಾಗಿಮುದ್ದೆ, ಬೇಳೆ, ಹಾಲು, ಸಕ್ಕರೆ ಎಲ್ಲ ಬಿಟ್ಟಿದ್ದೇನೆ. ಮಾಂಸ, ಮೊಟ್ಟೆ ತಿನ್ನುತ್ತೇನೆ. ಅಡುಗೆಗೆ ಸಮಯವೇ ಸಿಗುವುದಿಲ್ಲ. ಬಿಸಿ ಮಾಡಿ ತಿನ್ನುವ ಸಿದ್ಧ ಪ್ಯಾಕೆಟ್‌ಗಳನ್ನು ತರಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ತರಿಸಬಹುದು. ಆದರೆ ಪ್ಯಾಕೆಟ್ಟಿನ ಮುಂಭಾಗದಲ್ಲಿ ‘ಪೇಲಿಯೊ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದನ್ನು ನೋಡಿ ಹಣ ಕೊಡಬೇಡಿ. ಅದನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿ. ನಮ್ಮ ದೇಶದ ನಿಯಮದಂತೆ ಪದಾರ್ಥಗಳ ಹೆಸರನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. ಕೋಳಿ ಸಾರಿನ ಪೊಟ್ಟಣದಲ್ಲಿ ನೀರು, ಈರುಳ್ಳಿ, ಎಣ್ಣೆಯ ನಂತರ ಕೋಳಿಯ ಹೆಸರು ಬಂದರೆ ನೀವು ಕೊಳ್ಳುತ್ತಿರುವುದು ಹೆಚ್ಚಾಗಿ ಗೊಜ್ಜನ್ನೇ. ಆಮೇಲೆ ಹುಡುಕಬೇಕಾದದ್ದು ಮೈದಾ, ಮೆಕ್ಕೆಜೋಳದ ಪಿಷ್ಟ, ಹಾಲಿನ ಪುಡಿ, ಸೋಯಾ, ಸಕ್ಕರೆ, ಪಿಷ್ಟದಿಂದ ತಯಾರಿಸುವ ಪುಡಿಯಾದ ಮಾಲ್ಟೊಡೆಕ್ಸ್‌ಟ್ರಿನ್. ಸಾಸೇಜ್ ಮತ್ತು ಸಲಾಮಿಗಳಲ್ಲಿ ಪಿಷ್ಟವೋ ಸೋಯಾವೋ ಸೇರಿರುವುದು ಸಾಮಾನ್ಯ. ಇಂಗಿನ ಪುಡಿಯಲ್ಲೂ ಗೋಧಿ ಅಥವಾ ಅಕ್ಕಿ ಹಿಟ್ಟು ಬೆರೆತಿರುತ್ತದೆ. ಚಿಟಿಕೆ ಇಂಗಿಗೆ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಆದರೆ ಗೋಧಿ ಒಗ್ಗದ ಕಾಯಿಲೆ ಇರುವವರು ಇದನ್ನು ತಿಳಿದಿರಲೇಬೇಕು.

ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಉಳಿಯುವ ಪೊಟ್ಟಣ ಎಂದರೆ ರಾಸಾಯನಿಕ ತುಂಬಿದ್ದು ಎಂಬ ಭಯ ಅನೇಕರಲ್ಲಿದೆ. ಬಹುಪಾಲು ಅದು ನಿಜವಲ್ಲ. ಪದರಪದರದ ಆ ಚೀಲವನ್ನು ಗಾಳಿಯಾಡದಂತೆ ಮುಚ್ಚಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟಿರುತ್ತಾರೆ. ಕೆಡಿಸುವ ಸೂಕ್ಷ್ಮಜೀವಿಗಳು ಅಲ್ಲಿಗೇ ಸತ್ತಿರುತ್ತವೆ. ನನಗೆ ಚಿಂತೆ ಇರುವುದು ಉಪ್ಪಿನ ಬಗ್ಗೆ. ದಿನಾ ಪೊಟ್ಟಣದ ಊಟವನ್ನೇ ತಿಂದರೆ ಉಪ್ಪು ಮಿತಿ ಮೀರುತ್ತದೆ. ವಾರಕ್ಕೆ ಎರಡು ಸಲ, ಕೈಸಾಗದ ದಿನಕ್ಕೆಂದು ಇಟ್ಟುಕೊಳ್ಳಿ.

ಉಳಿದ ದಿನಗಳ ಸಿದ್ಧ ಊಟವನ್ನು ನೀವೇ ಭಾನುವಾರ ಮಾಡಿಡಿ ಎಂಬುದು ನನ್ನ ಒತ್ತಾಯದ ಸಲಹೆ. ಎರಡು ಗಂಟೆ ಸಾಕು. ಎಲ್ಲಕ್ಕಿಂತ ಮೊದಲು ನಾನು ಹೇಳುವುದು ಖೀಮಾ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮೆಣಸು, ಧನಿಯಾ ಹಾಕಿ ನೀರು ಇಂಗುವ ತನಕ ಬೇಯಿಸಿ, ಕೊನೆಗೆ ಒಂದು ಹಿಡಿ ನುಗ್ಗೆಸೊಪ್ಪು ಸೇರಿಸಿದರೆ ಮಾಂಸವೂ ಸೊಪ್ಪೂ ಒಂದೇ ಡಬ್ಬಿಯಲ್ಲಿ ಮುಗಿಯುತ್ತವೆ. ಫ್ರೀಜರ್‌ನಿಂದ ತೆಗೆದ ಮೇಲೂ ಅದರ ರುಚಿ ಅಷ್ಟಾಗಿ ಕೆಡುವುದಿಲ್ಲ. ಜೊತೆಗೆ ಮೊಸರನ್ನೂ ಮೆಕ್ಕೆಜೋಳದ ಹಿಟ್ಟನ್ನೂ ಹಾಕದ ಮೆಣಸಿನ ಕೋಳಿ. ಮುದ್ದೆಯ ಜಾಗಕ್ಕೆ ಬೇಯಿಸಿದ ಗೆಣಸು, ಅನ್ನದ ಜಾಗಕ್ಕೆ ತುರಿದು ಬಾಡಿಸಿದ ಹೂಕೋಸು. ಕಾಯಿ ಅರೆದು ಹಾಕಿದ ಸಾರನ್ನು ಮನೆಯಲ್ಲಿ ರಾತ್ರಿಯೂಟಕ್ಕೆ ಇಟ್ಟುಕೊಳ್ಳಿ, ಬಸ್ಸಿಗೆ ಬೇಡ. ಅದು ಬೇಗ ಹುಳಿಯುತ್ತದೆ. ಬೇಯಿಸಿದ ಮೊಟ್ಟೆಯನ್ನು ಸಿಪ್ಪೆಸಹಿತ ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಫ್ರೀಜರ್‌ಗೆ ಹಾಕಬೇಡಿ, ಬಿಳಿಭಾಗ ರಬ್ಬರಿನಂತಾಗುತ್ತದೆ.

ಒಗ್ಗರಣೆಗೆ ತುಪ್ಪ ಅಥವಾ ಕೊಬ್ಬರಿ ಎಣ್ಣೆ. ಕಟ್ಟುನಿಟ್ಟಿನವರು ತುಪ್ಪವನ್ನೂ ದೂರವಿಡುತ್ತಾರೆ, ಆದರೆ ಹಾಲಿನ ಪ್ರೋಟೀನ್ ಬಹುತೇಕ ಹೋಗಿರುವುದರಿಂದ ಹೆಚ್ಚಿನವರು ಬಳಸುತ್ತಾರೆ. ಶೇಂಗಾ ಬೇಳೆಕಾಳಿನ ಜಾತಿಯದಾದ್ದರಿಂದ ಚಳ್ಳಕೆರೆಯ ಶೇಂಗಾ ಎಣ್ಣೆಗೂ, ಶೇಂಗಾ ಚಟ್ನಿಪುಡಿಗೂ ಈ ಕ್ರಮದಲ್ಲಿ ಜಾಗವಿಲ್ಲ. ಅಂಗಡಿಯ ಸಾಂಬಾರ್ ಪುಡಿಯಲ್ಲೂ ಬೇಳೆ ಇರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಕಡೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಆರೂವರೆಗೆ ಕಟ್ಟಿದ ಮಾಂಸದ ಡಬ್ಬಿಯನ್ನು ಮಧ್ಯಾಹ್ನ ಒಂದೂವರೆಗೆ ತೆರೆಯುತ್ತೀರಿ. ಅಂದರೆ ಏಳು ಗಂಟೆ! 5ರಿಂದ 60 ಡಿಗ್ರಿ ನಡುವಿನ ಬೆಚ್ಚಗಿನ ಸ್ಥಿತಿಯಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಆದ್ದರಿಂದ ಊಟ ಒಂದೋ ತಣ್ಣಗಿರಬೇಕು, ಇಲ್ಲವೇ ಸುಡುವಂತಿರಬೇಕು. ಕಚೇರಿಯಲ್ಲಿ ಫ್ರಿಜ್ ಇದ್ದರೆ ಮಂಜುಗಡ್ಡೆಯಾಗಿಸಿದ ಜೆಲ್ ಚೀಲದ ಜೊತೆ ಡಬ್ಬಿ ಒಯ್ದು, ತಲುಪಿದ ಕೂಡಲೇ ಒಳಗಿಡಿ. ಇಲ್ಲದಿದ್ದರೆ ಒಳ್ಳೆಯ ಊಟದ ಫ್ಲಾಸ್ಕ್ ಕೊಳ್ಳಿ. ಅದರಲ್ಲಿ ಹತ್ತು ನಿಮಿಷ ಕುದಿಯುವ ನೀರು ತುಂಬಿಟ್ಟು ಚೆಲ್ಲಿ, ಕುದಿ ಬಂದ ಊಟವನ್ನು ತುಂಬಿ ಬಿಗಿಯಾಗಿ ಮುಚ್ಚಿ. ತೆರೆದಾಗ ಹಬೆಯಾಡದೆ ಬರೀ ಬೆಚ್ಚಗಿದ್ದರೆ ತಿನ್ನಬೇಡಿ. ಭಾನುವಾರದ ಅಡುಗೆಯಲ್ಲಿ ಬುಧವಾರದವರೆಗಿನದು ಫ್ರಿಜ್‌ನಲ್ಲಿರಲಿ, ಉಳಿದದ್ದು ಅಂದೇ ಫ್ರೀಜರ್ ಸೇರಲಿ.

ಡಬ್ಬಿ ತಪ್ಪಿದ ದಿನ ಖಾನಾವಳಿಯಲ್ಲಿ ಒಂದೇ ಪ್ರಶ್ನೆ ಕೇಳಿ: ‘ಸಾರು ಗಟ್ಟಿಯಾಗಲು ಏನು ಹಾಕುತ್ತೀರಿ?’ ಹುರಿಗಡಲೆ, ಕಡಲೆ ಹಿಟ್ಟು ಎಂದರೆ ಬೇಯಿಸಿದ ಮೊಟ್ಟೆ, ಪಲ್ಯ ಸಾಕೆನ್ನಿ. ಕಬಾಬ್‌ಗೆ ಮೈದಾ ಅಥವಾ ಮೆಕ್ಕೆಜೋಳದ ಪಿಷ್ಟ ಸವರುವುದೇ ವಾಡಿಕೆ. ಬಸ್ ನಿಲ್ದಾಣದಲ್ಲಿ ಎಳನೀರು, ಸೀಬೆ, ದಾಳಿಂಬೆ ಸಿಗುತ್ತವೆ. ಚೀಲದಲ್ಲಿ ಒಂದು ಮುಷ್ಟಿ ಬಾದಾಮಿ ಯಾವಾಗಲೂ ಇರಲಿ.

ಹಾಲನ್ನೂ ರಾಗಿಯನ್ನೂ ಒಟ್ಟಿಗೆ ಬಿಟ್ಟಿದ್ದೀರಿ. ನಿಮ್ಮ ಮೂಳೆಗಳ ಬಗ್ಗೆ ನನಗೆ ಕಳವಳವಿದೆ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇರುತ್ತದೆ. ಅದನ್ನು ಬಿಟ್ಟ ಮೇಲೆ ಎಳ್ಳು, ನುಗ್ಗೆಸೊಪ್ಪು, ಮುಳ್ಳುಸಮೇತ ತಿನ್ನುವ ಸಣ್ಣ ಮೀನು ತಟ್ಟೆಗೆ ಬರಲೇಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅನ್ನ, ರೊಟ್ಟಿ ಬಿಟ್ಟಿರುವುದನ್ನು ಇಂದೇ ವೈದ್ಯರಿಗೆ ತಿಳಿಸಿ. ಹಳೆಯ ಪ್ರಮಾಣದಲ್ಲೇ ಔಷಧಿ ಮುಂದುವರಿದರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ನಮಗೂ ಪೇಲಿಯೊ ಸಿದ್ಧ ಊಟ ಇದೆಯೇ?
– ಓದುಗರು, ಹೊಳಲ್ಕೆರೆ

ಉತ್ತರ: ದಯವಿಟ್ಟು ಈ ದಾರಿ ಹಿಡಿಯಬೇಡಿ. ಮಾಂಸ, ಮೊಟ್ಟೆ ಮೊದಲೇ ಇಲ್ಲ. ಕಾಳು, ಹಾಲು, ಧಾನ್ಯಗಳನ್ನೂ ಬಿಟ್ಟರೆ ಪ್ರೋಟೀನಿಗೆ ಉಳಿಯುವುದು ಬಾದಾಮಿ, ಎಳ್ಳಿನಂಥವು ಮಾತ್ರ. ಬಿ12 ಜೀವಸತ್ವವಂತೂ ಯಾವ ಸೊಪ್ಪಿನಿಂದಲೂ ದಕ್ಕುವುದಿಲ್ಲ. ಈ ಕ್ರಮದಲ್ಲಿರುವ ಒಳ್ಳೆಯ ಅಂಶವನ್ನಷ್ಟೇ ತೆಗೆದುಕೊಳ್ಳಿ: ಸಕ್ಕರೆ, ಮೈದಾ, ಬೇಕರಿ ತಿಂಡಿ, ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ಬಿಡಿ. ಬೆಳಗಿನ ಅವಸರಕ್ಕೆ ಹಿಂದಿನ ದಿನ ಬೆಳಿಗ್ಗೆಯೇ ನೆನೆಹಾಕಿ ಮೊಳಕೆ ಕಟ್ಟಿದ ಹೆಸರುಕಾಳು, ಕಾಯಿತುರಿ, ಒಂದು ಲೋಟ ಮಜ್ಜಿಗೆ. ಒಲೆ ಹೊತ್ತಿಸುವ ಕೆಲಸವೂ ಇಲ್ಲ.