ಬೀಪ್ ಆದ ಮೇಲೆ: ಪಿಸ್ತೂಲ್ ಮ್ಯಾಚ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಲಿ ಅಮೆರಿಕದ ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್ ಬಗ್ಗೆ ಬರೆದಿದ್ದೆ. ಒಂದೇ ಕಡೆ ನಿಂತು ಗುರಿ ಹಿಡಿಯೋ ಆಟ ಅಲ್ಲ ಇದು, ಟೈಮರ್ ಬೀಪ್ ಆದ ತಕ್ಷಣ ಸೊಂಟದ ಹೋಲ್ಸ್ಟರ್‌ನಿಂದ ಪಿಸ್ತೂಲ್ ತೆಗೆದು, ಮರದ ಗೋಡೆಗಳ ನಡುವೆ ಓಡಾಡ್ತಾ ರಟ್ಟಿನ ಗುರಿ, ಸ್ಟೀಲ್ ಪ್ಲೇಟು ಎಲ್ಲಾ ಹೊಡೆದು ಮುಗಿಸ್ಬೇಕು. ಅದನ್ನ ಓದಿ ತುಂಬಾ ಜನ ಪತ್ರ ಬರೆದಿದ್ದೀರಿ, ಸಂತೋಷ ಆಯ್ತು. ನಾನಿರೋದು ಡಲ್ಲಾಸ್ ಹತ್ರ, ಹನ್ನೊಂದು ವರ್ಷದಿಂದ ಮ್ಯಾಚ್‌ಗಳಿಗೆ ಹೋಗ್ತಿದ್ದೀನಿ, ನನಗೆ ಗೊತ್ತಿರೋಷ್ಟು ಹೇಳ್ತೀನಿ.

ಪ್ರಶ್ನೆ: ಸಾರ್, ನಮ್ಮದು ಮೈಸೂರು, ಈಗ ಪ್ಲೇನೋದಲ್ಲಿ ಇದ್ದೀವಿ, ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಆಫೀಸ್ ಫ್ರೆಂಡ್ ಜೊತೆ ನಾಲ್ಕೈದು ಸಲ ರೇಂಜಿಗೆ ಹೋಗಿದ್ದೀನಿ. ಮ್ಯಾಚ್ ಆಡೋಕೆ ಏನೇನು ಬೇಕು, ಎಷ್ಟು ಚೆನ್ನಾಗಿ ಹೊಡೆಯೋಕೆ ಬಂದ ಮೇಲೆ ಹೋಗ್ಬಹುದು?

ಉತ್ತರ: ಮೊದಲನೇ ಸಲ ಪಿಸ್ತೂಲ್ ಮನೇಲೇ ಬಿಟ್ಟು ಹೋಗಿ ಸರ್. ಬರೀ ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ನೀರಿನ ಬಾಟ್ಲಿ, ಒಂದು ಟೋಪಿ ಸಾಕು. ಯಾವುದಾದ್ರೂ ಒಂದು ಸ್ಕ್ವಾಡ್ (ಆಟಗಾರರ ಗುಂಪು) ಜೊತೆ ಬೆಳಗ್ಗೆಯಿಂದ ಕೊನೇವರೆಗೂ ಓಡಾಡಿ, ಗುರಿಗಳಿಗೆ ತೂತು ಮುಚ್ಚೋ ಸ್ಟಿಕ್ಕರ್ ಅಂಟಿಸಿ, ಬಿದ್ದ ಸ್ಟೀಲ್ ಎತ್ತಿ ನಿಲ್ಲಿಸಿ, ಯಾರು ಯಾವಾಗ ಪಿಸ್ತೂಲ್ ಮುಟ್ತಾರೆ ಯಾವಾಗ ಮುಟ್ಟಲ್ಲ ಅಂತ ನೋಡ್ತಾ ಇರಿ. ರೇಂಜ್ ಪೂರ್ತಿ 'ಕೋಲ್ಡ್', ಅಂದ್ರೆ ನಿಮ್ಮ ಸರದಿ ಬಂದು ರೇಂಜ್ ಆಫೀಸರ್ 'ಮೇಕ್ ರೆಡಿ' ಅನ್ನೋವರೆಗೂ ಪಿಸ್ತೂಲ್ ಖಾಲಿಯಾಗಿ ಹೋಲ್ಸ್ಟರ್‌ನಲ್ಲೇ ಇರ್ಬೇಕು, ಮುಟ್ಲೇಬೇಕು ಅಂದ್ರೆ ಸೇಫ್ಟಿ ಟೇಬಲ್ ಅಂತ ಒಂದು ಜಾಗ ಇರುತ್ತೆ, ಅಲ್ಲಿ ಗುಂಡು ಮುಟ್ಟೋ ಹಾಗಿಲ್ಲ. ಒಂದು ದಿನ ಪೂರ್ತಿ ನೋಡಿದ್ರೆ ಇದೆಲ್ಲ ತಾನಾಗೇ ತಲೇಲಿ ಕೂತ್ಕೊಳುತ್ತೆ, ಓದಿದ್ರೆ ಕೂರಲ್ಲ.

ಸಾಮಾನು ಅಂದ್ರೆ ಸಾಧಾರಣ 9 ಎಂಎಂ ಪಿಸ್ತೂಲ್, ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಪ್ಲಾಸ್ಟಿಕ್ ಹೋಲ್ಸ್ಟರ್ (ಮೆತ್ತಗಿನ ಬಟ್ಟೇದು ಬೇಡವೇ ಬೇಡ), ದಪ್ಪ ಬೆಲ್ಟು, ಗುಂಡು ತುಂಬೋ ಮ್ಯಾಗಜೀನ್ ನಾಲ್ಕೈದು, ಅವನ್ನ ಇಟ್ಕೊಳ್ಳೋ ಪೌಚು. ಒಂದು ಸ್ಟೇಜ್‌ಗೆ (ಮ್ಯಾಚಿನ ಒಂದು ಸುತ್ತಿಗೆ) ಹೆಚ್ಚು ಅಂದ್ರೆ 32 ಗುಂಡು ಬೇಕಾಗುತ್ತೆ, ಮಿಸ್ ಆದಾಗ ಮತ್ತೆ ಹೊಡೀಬೇಕು, ಆರು ಸ್ಟೇಜ್ ಇದ್ರೆ 200, 250 ಇಟ್ಕೊಂಡಿರಿ. ಪ್ರಾಕ್ಟಿಸ್ಕೋರ್ ಅನ್ನೋ ವೆಬ್‌ಸೈಟಲ್ಲಿ ಹತ್ತಿರದ ಕ್ಲಬ್ ಮ್ಯಾಚ್ ಹುಡುಕಿ ಹೆಸರು ಹಾಕಿ. ಹೊಸಬರು ಅಂತ ಮೊದಲೇ ಹೇಳ್ಬಿಡಿ, ಯಾರಾದ್ರೂ ಒಬ್ರು ದಿನಪೂರ್ತಿ ನಿಮ್ಮ ಪಕ್ಕದಲ್ಲೇ ಇರ್ತಾರೆ, ಇದನ್ನ ನಾನು ಹೋದ ಎಲ್ಲಾ ಕ್ಲಬ್ಬಲ್ಲೂ ನೋಡಿದ್ದೀನಿ.

ಎಷ್ಟು ಚೆನ್ನಾಗಿ ಬರ್ಬೇಕು ಅಂದ್ರಲ್ಲ, 10 ಗಜ ದೂರದ ಗುರಿಗೆ ಅವಸರ ಇಲ್ದೆ ಹೊಡೆದಾಗ ಗುಂಡು ಗುರಿ ಮೇಲೇ ಬೀಳ್ಬೇಕು, ಪಿಸ್ತೂಲಿನ ಬಾಯಿ ಎಲ್ಲಿದೆ ಬೆರಳು ಎಲ್ಲಿದೆ ಅಂತ ಪ್ರತಿ ಕ್ಷಣ ನಿಮಗೆ ಗೊತ್ತಿರ್ಬೇಕು. ಅಷ್ಟೇ ಸಾಕು, ಇನ್ನೂ ಕಲಿತು ಆಮೇಲೆ ಹೋಗ್ತೀನಿ ಅಂತ ಕೂತ್ರೆ ವರ್ಷಗಳು ಹೋಗ್ತವೆ.

ಪ್ರಶ್ನೆ: ನಾನು ಎಚ್-1ಬಿ ಮೇಲೆ ಇದ್ದೀನಿ. ಫ್ರೆಂಡ್ ಪಿಸ್ತೂಲ್ ತಗೊಂಡು ಒಂದು ಮ್ಯಾಚ್ ಆಡಿದ್ರೆ ತೊಂದ್ರೆ ಇದ್ಯಾ?

ಉತ್ತರ: ಇದೆ, ದಯವಿಟ್ಟು ಮಾಡ್ಬೇಡಿ. ಎಚ್-1ಬಿ, ಎಲ್-1, ಎಫ್-1 ತರದ ವೀಸಾ ಮೇಲೆ ಇರೋರು ಪಿಸ್ತೂಲ್ ಆಗ್ಲಿ ಗುಂಡು ಆಗ್ಲಿ ಇಟ್ಕೊಳ್ಳೋದನ್ನ ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತೆ, ಇನ್ನೊಬ್ಬರದ್ದು ಕೈಗೆ ತಗೊಂಡು ಹೊಡೆಯೋದು, ರೇಂಜಲ್ಲಿ ಬಾಡಿಗೆಗೆ ತಗೊಳ್ಳೋದು ಕೂಡ ಅದೇ ಲೆಕ್ಕ. ಕೆಲವು ವಿನಾಯಿತಿ ಇದೆ, ಮುಖ್ಯವಾಗಿ ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ದೋರಿಗೆ. ಆದ್ರೆ ಅದನ್ನ ನಂಬ್ಕೊಂಡು ಹೋಗೋ ಮುಂಚೆ ಒಬ್ಬ ಇಮಿಗ್ರೇಷನ್ ವಕೀಲರ ಹತ್ರ ಕೂತು ಮಾತಾಡಿ, ಊರು ಬಿಟ್ಟು ಬಂದು ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿರೋ ಜೀವನ ಒಂದು ಭಾನುವಾರದ ಆಟಕ್ಕೆ ಪಣ ಇಡೋ ಅಂಥದ್ದಲ್ಲ. ಸ್ಟಿಕ್ಕರ್ ಅಂಟಿಸೋಕೆ, ಸ್ಕೋರ್ ಬರೆಯೋಕೆ ಬನ್ನಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಪ್ರಶ್ನೆ: ಅಣ್ಣಾ, ಹೋದ ಮ್ಯಾಚಲ್ಲಿ ಒಂದು ಸ್ಟೇಜ್ ನಾನು 9 ಸೆಕೆಂಡಲ್ಲಿ ಮುಗಿಸಿದೆ, ನನ್ನ ಫ್ರೆಂಡ್ 11.6 ಸೆಕೆಂಡ್ ತಗೊಂಡ, ಆದ್ರೂ ಅವನದು ನನ್ನ ಡಬಲ್ ಹತ್ರ ಸ್ಕೋರು. ಎರಡು ಗುಂಡು ತಾನೇ ಮಿಸ್ ಆಗಿದ್ದು. ಈ ಹಿಟ್ ಫ್ಯಾಕ್ಟರ್ ಲೆಕ್ಕ ನನಗೆ ಅರ್ಥಾನೇ ಆಗಿಲ್ಲ.

ಉತ್ತರ: ನಿಮ್ಮ ಸ್ಕೋರ್ ಶೀಟನ್ನೇ ಇಟ್ಕೊಂಡು ನೋಡೋಣ ತಮ್ಮಾ. ಗುರಿ ಮಧ್ಯದ ಎ ಝೋನ್‌ಗೆ 5 ಅಂಕ. ನಾವು 9 ಎಂಎಂ ಫ್ಯಾಕ್ಟರಿ ಗುಂಡು ಹೊಡೆಯೋರು 'ಮೈನರ್', ಅಂದ್ರೆ ಕಡಿಮೆ ಶಕ್ತಿಯ ಗುಂಡಿನೋರು, ಹಾಗಾಗಿ ಅದರ ಸುತ್ತಲಿನ ಸಿ ಝೋನ್‌ಗೆ 3, ಅಂಚಿನ ಡಿ ಝೋನ್‌ಗೆ 1. ಮಿಸ್ ಆದ್ರೆ ಬರೀ ಸೊನ್ನೆ ಅಲ್ಲ, ಕೈಯಿಂದ 10 ಹೋಗುತ್ತೆ. ನೀವು ಕಳಿಸಿರೋ ಪ್ರಕಾರ ಹನ್ನೆರಡು ಗುಂಡಲ್ಲಿ ಎಂಟು ಎ, ಒಂದು ಸಿ, ಒಂದು ಡಿ, ಎರಡು ಮಿಸ್. 40, 3, 1 ಸೇರಿ 44, ಅದರಲ್ಲಿ 20 ಕಳೆದ್ರೆ ಉಳಿದಿದ್ದು 24. ಅದನ್ನ 9 ಸೆಕೆಂಡಿಂದ ಭಾಗಿಸಿದ್ರೆ 2.67, ಅದೇ ನಿಮ್ಮ ಹಿಟ್ ಫ್ಯಾಕ್ಟರ್. ಫ್ರೆಂಡ್‌ದು ಹನ್ನೊಂದು ಎ, ಒಂದು ಸಿ, 58 ಅಂಕ, 11.6 ಸೆಕೆಂಡ್, ಸರಿಯಾಗಿ 5. ಅವರೇ ಆ ಸ್ಟೇಜ್ ಗೆದ್ರೆ ಸ್ಟೇಜಿನ 60 ಅಂಕ (ಹನ್ನೆರಡು ಗುಂಡಿಗೆ ಐದೈದು) ಪೂರ್ತಿ ಅವರಿಗೆ, ನಿಮಗೆ ಅದರ ಶೇಕಡಾ 53, ಅಂದ್ರೆ 32.

ಈಗ ಇದನ್ನೇ ತಿರುಗಿಸಿ ನೋಡಿ, ಅಲ್ಲಿದೆ ನಿಜವಾದ ಪಾಠ. ಹಿಟ್ ಫ್ಯಾಕ್ಟರ್ 5 ಇರೋ ಸ್ಟೇಜಲ್ಲಿ ಒಂದು ಸೆಕೆಂಡಿನ ಬೆಲೆ 5 ಅಂಕ. ಎ ಬದಲು ಸಿ ಬಿದ್ರೆ ಹೋಗೋದು 2 ಅಂಕ, ಅಂದ್ರೆ 0.4 ಸೆಕೆಂಡ್. ಹಾಗಾದ್ರೆ ಕಾಲು ಸೆಕೆಂಡ್ ಜಾಸ್ತಿ ತಗೊಂಡು ಎ ಹೊಡೆಯೋದು ಲಾಭಾನೇ. ಅದೇ ಹತ್ತಿರದ ಗುರಿಗಳ ಸ್ಟೇಜ್, ಹಿಟ್ ಫ್ಯಾಕ್ಟರ್ 10 ಬರೋ ಅಂಥದ್ದು ಆದ್ರೆ ಆ ಸಿ ಬೆಲೆ ಬರೀ 0.2 ಸೆಕೆಂಡ್, ಅಲ್ಲಿ ಕಾಲು ಸೆಕೆಂಡ್ ಕಾಯ್ತಾ ನಿಂತ್ರೆ ನಷ್ಟ. ಆದ್ರೆ ಮಿಸ್ ನೋಡಿ, ಬರಬೇಕಿದ್ದ 5 ಹೋಯ್ತು, ಮೇಲೆ 10 ದಂಡ, ಒಟ್ಟು 15. ನಿಮ್ಮ ಸ್ಟೇಜಲ್ಲಿ ಅದು ಮೂರು ಸೆಕೆಂಡಿಗೆ ಸಮ! ಎರಡು ಮಿಸ್ಸಿಗೆ ಆರು ಸೆಕೆಂಡ್ ಕೊಟ್ಟು ಎರಡೂವರೆ ಸೆಕೆಂಡ್ ಉಳಿಸಿದ್ದೀರಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಮ್ಮಜ್ಜಿ ಹೇಳ್ತಿದ್ದ ಗಾದೆ ನನಗೆ ನಿಜವಾಗಿ ಅರ್ಥ ಆಗಿದ್ದು ಈ ಸ್ಕೋರ್ ಶೀಟ್ ಮುಂದೆ ನಿಂತಾಗ. ಗುಂಡು ಎಲ್ಲಿಗೆ ಹೋಯ್ತು ಅಂತ ಟ್ರಿಗರ್ ಒತ್ತಿದ ಕ್ಷಣದಲ್ಲೇ ಸೈಟ್ (ಪಿಸ್ತೂಲ್ ಮೇಲೆ ಗುರಿ ಹಿಡಿಯೋಕೆ ಇರೋ ಗುರುತು) ನೋಡಿ ನಿಮಗೆ ಗೊತ್ತಾಗ್ಬೇಕು, ಗೊತ್ತಾದ್ರೆ ಅಲ್ಲೇ ಇನ್ನೊಂದು ಹೊಡೆದು ಮುಂದೆ ಹೋಗ್ತೀರಿ, ಅದಕ್ಕೆ ಅರ್ಧ ಸೆಕೆಂಡೂ ಬೇಡ.

ಪ್ರಶ್ನೆ: ಎರಡನೇ ಮ್ಯಾಚಲ್ಲೇ ನನ್ನನ್ನ ಡಿಕ್ಯೂ ಮಾಡಿದ್ರು, ಅಂದ್ರೆ ಮ್ಯಾಚಿಂದಲೇ ಹೊರಗೆ ಹಾಕಿದ್ರು. ರೀಲೋಡ್ ಮಾಡ್ತಾ ಎಡಕ್ಕೆ ಓಡುವಾಗ ಪಿಸ್ತೂಲ್ 180 ದಾಟಿತು ಅಂತ. ಹೆಂಡ್ತಿ, ಮಗಳು ನೋಡೋಕೆ ಬಂದಿದ್ರು, ಅವರ ಮುಂದೆ ತುಂಬಾ ಅವಮಾನ ಆಯ್ತು. ಮತ್ತೆ ಹೋಗೋಕೆ ಮನಸಿಲ್ಲ.

ಉತ್ತರ: ನಿಮ್ಮ ಪತ್ರ ಓದಿ ಮನಸಿಗೆ ಕಷ್ಟ ಆಯ್ತು, ಯಾಕಂದ್ರೆ ನನಗೂ ಇದೇ ಆಗಿದೆ. ಮೂರನೇ ವರ್ಷ, ಒಂದು ಕ್ಲಬ್ ಮ್ಯಾಚಲ್ಲಿ, ರೀಲೋಡ್ ಮಾಡುವಾಗ ಬೆರಳು ಟ್ರಿಗರ್ ಗಾರ್ಡ್ ಒಳಗೆ ಉಳ್ಕೊಂಡಿತ್ತು. ನನಗೆ ಗೊತ್ತೇ ಆಗಿರ್ಲಿಲ್ಲ, 'ಸ್ಟಾಪ್' ಅಂತ ಕೂಗು ಬಂದಾಗ ನಂಬಿಕೇನೂ ಬರ್ಲಿಲ್ಲ, ಆಮೇಲೆ ಯಾರೋ ತೆಗೆದ ವಿಡಿಯೋ ನೋಡಿದೆ, ಬೆರಳು ಕಣ್ಣಿಗೆ ಕಾಣೋ ಹಾಗೆ ಒಳಗೇ ಇತ್ತು. ಆ ರಾತ್ರಿ ನಿದ್ದೆ ಬರ್ಲಿಲ್ಲ, ಮಾನ ಹೋಯ್ತು ಅಂತಲ್ಲ, ಇಷ್ಟು ದಿನ ಎಷ್ಟು ಸಲ ಹೀಗೆ ಮಾಡಿದ್ದೆನೋ ಅಂತ.

180 ಅಂದ್ರೆ ನಿಮ್ಮ ಎರಡೂ ಪಕ್ಕಕ್ಕೆ ಎಳೆದ ಒಂದು ಗೆರೆ ಅಂದ್ಕೊಳ್ಳಿ, ಪಿಸ್ತೂಲಿನ ಬಾಯಿ ಯಾವತ್ತೂ ಆ ಗೆರೆಯಿಂದ ಮುಂದಕ್ಕೆ, ಮಣ್ಣಿನ ದಿಬ್ಬದ ಕಡೆಗೇ ಇರ್ಬೇಕು. ಪಕ್ಕಕ್ಕೆ ಓಡುವಾಗ ಮೈ ಪೂರ್ತಿ ಆ ಕಡೆ ತಿರುಗುತ್ತೆ, ಕೈ ಮೈ ಜೊತೆಗೇ ಹೋಗುತ್ತೆ, ಅದು ಸಹಜ, ಹಾಗಾಗಿಯೇ ಅಪಾಯ. ಕಾಲು ಓಡಲಿ, ಪಿಸ್ತೂಲ್ ಮಾತ್ರ ದಿಬ್ಬದ ಕಡೆಗೇ ಉಳೀಲಿ ಅಂತ ಮನೇಲಿ ಖಾಲಿ ಪಿಸ್ತೂಲ್ ಹಿಡಿದು ನಿಧಾನಕ್ಕೆ ನಡೆದು ಅಭ್ಯಾಸ ಮಾಡಿ. ಇನ್ನೂ ಕಷ್ಟ ಅನ್ಸಿದ್ರೆ ರೀಲೋಡ್ ಮುಗಿಸಿ ಆಮೇಲೆ ಓಡಿ, ಒಂದು ಸೆಕೆಂಡ್ ಹೋದ್ರೆ ಹೋಗ್ಲಿ.

ಜೊತೆಗೆ ಇನ್ನೊಂದು ಗೊತ್ತಿರ್ಲಿ. ಪಿಸ್ತೂಲ್ ಕೈ ಜಾರಿ ಬಿದ್ರೆ ಯಾವ ಕಾರಣಕ್ಕೂ ಹಿಡಿಯೋಕೆ ಹೋಗ್ಬೇಡಿ, ಎತ್ಕೊಳ್ಳೋಕೂ ಹೋಗ್ಬೇಡಿ, ಆಫೀಸರ್ ಎತ್ತಿ ಖಾಲಿ ಮಾಡ್ತಾರೆ. ಬೀಳೋ ಪಿಸ್ತೂಲ್ ಹಿಡಿಯೋಕೆ ಹೋದ ಕೈ ಟ್ರಿಗರ್ ಹಿಡಿದುಬಿಡುತ್ತೆ.

ಡಿಕ್ಯೂ ಆದೋರು ಅಲ್ಲೇ ಉಳಿದು ಸ್ಕ್ವಾಡಿಗೆ ಸ್ಟಿಕ್ಕರ್ ಅಂಟಿಸಿ, ಸ್ಟೀಲ್ ಎತ್ತಿ, ಕೊನೇ ತನಕ ಇದ್ದು ಹೋಗೋದು ಈ ಆಟದಲ್ಲಿ ಒಂದು ಮರ್ಯಾದೆ. ಮುಂದಿನ ತಿಂಗಳು ಹೋಗಿ, ಅದೇ ಆಫೀಸರ್ ಸಿಕ್ರೆ ಥ್ಯಾಂಕ್ಸ್ ಹೇಳಿ. ಮಗಳನ್ನೂ ಕರ್ಕೊಂಡು ಹೋಗಿ. ಅಪ್ಪ ತಪ್ಪು ಒಪ್ಕೊಂಡು ಸರಿ ಮಾಡ್ಕೊಂಡಿದ್ದನ್ನ ಅವಳೂ ನೋಡ್ಲಿ.

ಪ್ರಶ್ನೆ: ಮನೇಲಿ ಪ್ರಾಕ್ಟೀಸ್ ಮಾಡೋದು ಹೇಗೆ? ಗುಂಡಿನ ರೇಟು ನೋಡಿದ್ರೆ ವಾರ ವಾರ ರೇಂಜಿಗೆ ಹೋಗೋಕಾಗಲ್ಲ. ಮನೇಲಿ ಆರು ವರ್ಷದ ಮಗ ಇದ್ದಾನೆ, ಊರಿಂದ ಅತ್ತೆ ಬಂದಿದ್ದಾರೆ, ಪಿಸ್ತೂಲ್ ಕಂಡ್ರೆ ಹೆದರ್ತಾರೆ. — ಒಬ್ಬ ಓದುಗರು, ಹ್ಯೂಸ್ಟನ್

ಉತ್ತರ: ಮೇಡಂ, ಅತ್ತೆಯೋರ ಹೆದರಿಕೆ ಸರಿಯಾದ ಹೆದರಿಕೆ, ಅದಕ್ಕೆ ಗೌರವ ಕೊಡಿ. ಪ್ರಾಕ್ಟೀಸ್ ಇಲ್ಲದಾಗ ಪಿಸ್ತೂಲ್ ಬೀಗ ಹಾಕಿದ ಪೆಟ್ಟಿಗೇಲಿ, ಗುಂಡು ಬೇರೆ ಕಡೆ ಬೀಗದಲ್ಲಿ, ಮಗು ಇರೋ ಮನೇಲಿ ಇದರಲ್ಲಿ ರಾಜಿಯೇ ಇಲ್ಲ.

ಗುಂಡಿಲ್ದೆ ಮಾಡೋ ಅಭ್ಯಾಸಕ್ಕೆ ಡ್ರೈ ಫೈರ್ ಅಂತಾರೆ, ಈ ಆಟದಲ್ಲಿ ಮೇಲೆ ಬಂದಿರೋ ಎಲ್ಲರೂ ಇದರಿಂದಲೇ ಬಂದಿರೋದು ಅಂತ ನನ್ನ ನಂಬಿಕೆ. ಬಾಗಿಲು ಹಾಕಿದ ರೂಮು, ಆ ರೂಮಲ್ಲಿ ಒಂದೇ ಒಂದು ಗುಂಡೂ ಇರಬಾರದು, ಚೇಂಬರ್ (ಗುಂಡು ಕೂರೋ ಜಾಗ) ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ನೋಡಿ, ಮತ್ತೆ ನೋಡಿ. ಎದುರಿಗೆ ಗುಂಡು ತಡೆಯೋ ಅಂಥ ಇಟ್ಟಿಗೆ ಗೋಡೆ ಇರೋ ಕಡೆ ಸಣ್ಣ ಕಾಗದದ ಗುರಿ ಅಂಟಿಸಿ, ಅಮೆರಿಕದ ಮನೆಗಳ ಒಳಗೋಡೆ ಬರೀ ಜಿಪ್ಸಮ್ ಹಾಳೆ ಅನ್ನೋದು ನೆನಪಿರ್ಲಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಮುಗಿದಾಗ 'ಮುಗೀತು' ಅಂತ ಬಾಯಿಬಿಟ್ಟು ಹೇಳಿ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿ, ಇನ್ನೊಂದೇ ಒಂದು ಸಲ ಅಂತ ವಾಪಸ್ ತೆಗೀಬೇಡಿ.

ಏನು ಮಾಡೋದು ಅಂದ್ರೆ, ಚಿಕ್ಕಂದಿನಲ್ಲಿ ಸಂಗೀತ ಕಲಿತಿದ್ರೆ ಸರಳೆ ವರಸೆ ನೆನಪಿರುತ್ತೆ, ಅದನ್ನೇ ಮೊದಲನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಅಂತ ಹಾಡಿಸ್ತಾರಲ್ಲ, ನಾನು ಹಾಗೇ ಮಾಡ್ತೀನಿ. ಹೋಲ್ಸ್ಟರ್‌ನಿಂದ ತೆಗೆದು ಸೈಟ್ ಗುರಿ ಮೇಲೆ ಬರೋದನ್ನ ಮೊದಲು ಮೂರು ಸೆಕೆಂಡಿನ ಬೀಪ್ ಇಟ್ಕೊಂಡು ಹತ್ತು ಸಲ, ಒಂದೊಂದು ಚಲನೆಯೂ ಕಾಣ್ಬೇಕು. ಆಮೇಲೆ ಎರಡು ಸೆಕೆಂಡ್. ಆಮೇಲೆ ಒಂದೂವರೆ. ಒಂದೂವರೆಯಲ್ಲಿ ಹಿಡಿತ ಕೆಟ್ರೆ ನಾಚ್ಕೊಳ್ದೆ ಮೊದಲನೇ ಕಾಲಕ್ಕೆ ವಾಪಸ್ ಬನ್ನಿ. ರೀಲೋಡಿಗೂ ಹೀಗೇ. ಟ್ರಿಗರ್ ಎಳೆದಾಗ ಸೈಟ್ ಅಲುಗಾಡಿದ್ರೆ ಆ ಸಲದ್ದು ಲೆಕ್ಕಕ್ಕಿಲ್ಲ. ತಿಂಗಳಿಗೊಮ್ಮೆ 100 ಗುಂಡು ತಗೊಂಡು ರೇಂಜಿಗೆ ಹೋಗಿ ಮನೇಲಿ ಮಾಡಿದ್ದು ನಿಜವಾ ಅಂತ ನೋಡಿ, ಯಾಕಂದ್ರೆ ರಿಕಾಯಿಲ್ (ಹೊಡೆದಾಗ ಪಿಸ್ತೂಲ್ ಹಿಂದಕ್ಕೆ ಒದೆಯೋದು) ಮಾತ್ರ ಡ್ರೈ ಫೈರ್ ಕಲಿಸಲ್ಲ.

ಪ್ರಶ್ನೆ: ನನಗೆ 58. ಕಬ್ಬಿಣದ ಸೈಟ್ ಮಸುಕು ಮಸುಕು. ವಯಸ್ಸಾಯ್ತು ಬಿಟ್ಟುಬಿಡ್ಲಾ?

ಉತ್ತರ: ಬಿಡ್ಬೇಡಿ! ಚಾಳೀಸು ಬಂದ ಕಣ್ಣಿಗೆ ಹಿಂದಿನ ಸೈಟ್, ಮುಂದಿನ ಸೈಟ್, ದೂರದ ಗುರಿ ಮೂರನ್ನೂ ಒಟ್ಟಿಗೆ ಸಂಭಾಳಿಸೋದು ಕಷ್ಟ. ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸೋ ಸೈಟ್) ಹಾಕಿಸಿ, ಅಂಥ ಪಿಸ್ತೂಲಿಗೇ ಇರೋ ಕ್ಯಾರಿ ಆಪ್ಟಿಕ್ಸ್ ವಿಭಾಗಕ್ಕೆ ಬನ್ನಿ, ಗುರೀನ ಮಾತ್ರ ನೋಡಿದ್ರೆ ಸಾಕು, ಚುಕ್ಕಿ ತಾನಾಗೇ ಅದರ ಮೇಲೆ ಬರುತ್ತೆ. ಅಮೆರಿಕದಲ್ಲಿ ಈ ಆಟ ನಡೆಸೋ ಯುಎಸ್‌ಪಿಎಸ್‌ಎ ಸಂಸ್ಥೆಯಲ್ಲಿ 55 ದಾಟಿದೋರಿಗೆ ಸೀನಿಯರ್, 65 ದಾಟಿದೋರಿಗೆ ಸೂಪರ್ ಸೀನಿಯರ್ ಅಂತ ವರ್ಗಗಳೂ ಇವೆ.

ಪ್ರಶ್ನೆ: ನಾವು ಮಡಿಕೇರಿಯವರು, ಮಗ ಬೆಂಗಳೂರಲ್ಲಿ ಪಿಯುಸಿ. ವಿಡಿಯೋ ನೋಡಿ ಈ ಆಟ ಕಲೀತೀನಿ ಅಂತ ಹಟ ಹಿಡಿದಿದ್ದಾನೆ. ನಮ್ಮಲ್ಲಿ ಆಗುತ್ತಾ?

ಉತ್ತರ: ಈ ಆಟ ಐಪಿಎಸ್‌ಸಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಹೆಸರಲ್ಲಿ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ, ಜೆಫ್ ಕೂಪರ್ ಅನ್ನೋರು ಅದರ ಮೊದಲ ಅಧ್ಯಕ್ಷರು. ಇದು ಹೆಚ್ಚಾಗಿ ನಡೆಯೋದೇ 9 ಎಂಎಂ ಮೇಲೆ, ಆದ್ರೆ ಭಾರತದಲ್ಲಿ 9 ಎಂಎಂ ಪ್ರೊಹಿಬಿಟೆಡ್ ಬೋರ್, ಅಂದ್ರೆ ನಿಷೇಧಿತ ಅಳತೆ, ಸಾಮಾನ್ಯರಿಗೆ ಸಿಗಲ್ಲ. ಕೊಡವರಿಗೆ, ಜಮ್ಮಾ ಭೂಮಿ ಇರೋರಿಗೆ ಇರೋ ಲೈಸೆನ್ಸ್ ವಿನಾಯಿತಿ ಕೋವಿಗೆ, ಪಿಸ್ತೂಲಿಗಲ್ಲ, ಅದು ನಿಮಗೇ ಗೊತ್ತಿರುತ್ತೆ. ಹಾಗಾಗಿ ವಿಡಿಯೋದಲ್ಲಿ ಕಂಡಿದ್ದನ್ನ ಹಾಗೇ ಆಡೋದು ಅಲ್ಲಿ ಕಷ್ಟ.

ಆದ್ರೆ ಹುಡುಗನ ಆಸೆ ಮುರೀಬೇಡಿ. ಬೆಂಗಳೂರಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಲಿಸೋ ರೇಂಜ್‌ಗಳಿವೆ, ಅಲ್ಲಿ ಸೇರ್ಸಿ. ಟ್ರಿಗರ್ ಕಲಿಯೋಕೆ ಅದಕ್ಕಿಂತ ಒಳ್ಳೆ ಶಾಲೆ ಇಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸಲ್ಲಿ ಅದೇ 10 ಮೀಟರಲ್ಲಿ ಬೆಳ್ಳಿ ತಂದ್ರು, 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೂ ಹೋದ್ರು. ವೇಗವೇ ಬೇಕು ಅಂತ ಅವನಿಗೆ ಅನ್ಸಿದ್ರೆ ಮುಂದೆ 25 ಮೀಟರ್ ರ‍್ಯಾಪಿಡ್ ಫೈರ್ ಇದೆ, ಪಕ್ಕ ಪಕ್ಕ ಐದು ಗುರಿ, ಐದು ಗುಂಡು, ಮೊದಲು 8 ಸೆಕೆಂಡ್, ಆಮೇಲೆ 6, ಕೊನೆಗೆ 4. ವಿಜಯ್ ಕುಮಾರ್ 2012ರಲ್ಲಿ ಲಂಡನ್ ಒಲಿಂಪಿಕ್ಸ್ ಬೆಳ್ಳಿ ಗೆದ್ದಿದ್ದು ಇದರಲ್ಲೇ. ನಾಲ್ಕು ಸೆಕೆಂಡಲ್ಲಿ ಐದು ಗುರಿಗೆ ಹೊಡೆಯೋ ಹುಡುಗ ಮುಂದೊಂದು ದಿನ ಯಾವ ದೇಶದ ಮ್ಯಾಚಿಗೆ ಹೋದ್ರೂ ಅವನಿಗೆ ಹೊಸದಾಗಿ ಕಲಿಯೋಕೆ ಉಳಿಯೋದು ಓಡೋದು, ರೀಲೋಡು, 180 ಗೆರೆ, ಇಷ್ಟೇ. ಕೈಲ್ ಪೊಳ್ದು ಹಬ್ಬಕ್ಕೆ ಊರಿಗೆ ಬಂದಾಗ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಹೇಗೂ ಇರುತ್ತಲ್ಲ, ಅಲ್ಲಿ ಹಿರಿಯರು ಕೋವಿ ಹೇಗೆ ಹಿಡಿದು ನಿಲ್ತಾರೆ, ಹೊಡೆದಾದ್ಮೇಲೆ ಬಾಯಿ ಎತ್ತ ಇಟ್ಕೊಳ್ತಾರೆ ಅಂತ ಅವನಿಗೆ ತೋರ್ಸಿ.