ಕೂತು ಮಾಡಿದ್ರೆ ಆಗೋ ಬ್ಯಾಕಪ್ ರಾತ್ರಿ ಯಾಕೆ ಫೇಲಾಗುತ್ತೆ?

ಪ್ರಶ್ನೆ: ಸಾರ್, ನಮ್ದು ಐದು ಕಂಪ್ಯೂಟರಿನ ಸಣ್ಣ ಆಫೀಸು, ಒಂದು ವಿಂಡೋಸ್ ಸರ್ವರ್ ಇದೆ. ಲೆಕ್ಕದ ಫೋಲ್ಡರನ್ನ ಪಕ್ಕದ ರೂಮಿನ ನಾಸ್ ಬಾಕ್ಸಿಗೆ (ನೆಟ್‌ವರ್ಕಲ್ಲಿ ಎಲ್ಲರೂ ಬಳಸೋ ಹಾರ್ಡ್‌ಡಿಸ್ಕ್ ಪೆಟ್ಟಿಗೆ) ರೋಬೋಕಾಪಿ ಅನ್ನೋ ವಿಂಡೋಸ್ ಕಾಪಿ ಕಮಾಂಡಲ್ಲಿ ಬ್ಯಾಕಪ್ ತಗೋತೀವಿ, ನಾಸನ್ನ ಝೆಡ್ ಡ್ರೈವ್ ಅಂತ ಮ್ಯಾಪ್ ಮಾಡಿದೀನಿ. ನಾನೇ ಕೂತು ಆ ಕಮಾಂಡ್ ಬರೆದಿಟ್ಟಿರೋ ಬ್ಯಾಚ್ ಫೈಲ್ ಓಡಿಸಿದ್ರೆ ಸಲೀಸಾಗಿ ಕಾಪಿ ಆಗುತ್ತೆ, ಟಾಸ್ಕ್ ಶೆಡ್ಯೂಲರಿಗೆ ಹಾಕಿ ರಾತ್ರಿ 11ಕ್ಕೆ ಬಿಟ್ರೆ ಪಾಥ್ ಸಿಗ್ಲಿಲ್ಲ ಅಂತ ಎರರ್. ಕೇಬಲ್ ಬದಲಾಯಿಸಿದ್ದೂ ಆಯ್ತು. ನಾಸ್ ಕೆಟ್ಟಿದ್ಯಾ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ನಾಸ್ ಚೆನ್ನಾಗೇ ಇದೆ, ಹೊಸದಕ್ಕೆ ದುಡ್ಡು ಹಾಕ್ಬೇಡಿ. ಝೆಡ್ ಅನ್ನೋದು ನೀವು ಲಾಗಿನ್ ಆದಾಗ ನಿಮ್ಮ ಸೆಷನ್‌ಗಷ್ಟೇ ಇರೋ ಹೆಸರು. ರಾತ್ರಿ ಟಾಸ್ಕ್ ಓಡೋದು ಬೇರೆ ಸೆಷನ್‌ನಲ್ಲಿ, ನಿಮ್ಮದೇ ಯೂಸರ್ ಹೆಸರು ಕೊಟ್ಟಿದ್ರೂ ಅಷ್ಟೇ, ಅಲ್ಲಿ ಝೆಡ್ ಇರೋದೇ ಇಲ್ಲ. ಹಾಗಾಗಿ ಬ್ಯಾಚ್ ಫೈಲಲ್ಲಿ ಝೆಡ್ ತೆಗೆದು ಪೂರ್ತಿ ಪಾಥ್ ಬರೀರಿ: ಎರಡು ಬ್ಯಾಕ್‌ಸ್ಲ್ಯಾಶ್, ನಾಸ್ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಶೇರ್ (ನಾಸಲ್ಲಿ ಹಂಚಿಕೊಂಡಿರೋ ಫೋಲ್ಡರ್) ಹೆಸರು.

ಇಷ್ಟಾದ್ಮೇಲೆ ಎರರ್ 5, ಆಕ್ಸೆಸ್ ಡಿನೈಡ್ ಅಂತ ಬಂದ್ರೆ ಗಾಬರಿ ಬೇಡ, ಪಾಥ್ ಸಿಕ್ತು, ಒಳಗೆ ಬಿಡ್ತಿಲ್ಲ ಅಷ್ಟೇ. ಟಾಸ್ಕನ್ನ ಸಿಸ್ಟಮ್ ಅಕೌಂಟಲ್ಲಿ (ವಿಂಡೋಸ್ ತನಗೇ ಇಟ್ಟುಕೊಂಡಿರೋ ಅಕೌಂಟ್) ಓಡಿಸ್ತಿದ್ರೆ ನಾಸಿಗೆ ಅದ್ಯಾರು ಅಂತಾನೇ ಗೊತ್ತಾಗಲ್ಲ. ನಾಸಲ್ಲೂ ಸರ್ವರಲ್ಲೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರೋ ಯೂಸರ್ ಮಾಡಿ, ಸರ್ವರಲ್ಲಿ ಅವನನ್ನ ಬ್ಯಾಕಪ್ ಆಪರೇಟರ್ಸ್ ಗುಂಪಿಗೆ (ಯಾರೂ ಲಾಗಿನ್ ಆಗದಿದ್ರೂ ಟಾಸ್ಕ್ ಓಡಿಸೋ ಹಕ್ಕಿರೋ ಗುಂಪು) ಸೇರಿಸಿ, ಲೆಕ್ಕದ ಫೋಲ್ಡರ್ ಓದೋ ಪರ್ಮಿಶನ್ ಕೊಟ್ಟು, ಟಾಸ್ಕನ್ನ ಅವನ ಹೆಸರಲ್ಲೇ ಓಡಿಸಿ. ಅಲ್ಲೇ ಪಾಸ್‌ವರ್ಡ್ ಸೇವ್ ಮಾಡಬೇಡ ಅನ್ನೋ ಟಿಕ್ ಇರುತ್ತೆ, ಅದನ್ನ ತೆಗೀರಿ, ಅದಿದ್ರೆ ಟಾಸ್ಕಿಗೆ ನೆಟ್‌ವರ್ಕ್ ಶೇರ್ ಸಿಗೋದೇ ಇಲ್ಲ. ಎಷ್ಟೋ ಜನ ಇಲ್ಲೇ ಎಡವೋದು.

ರೋಬೋಕಾಪಿ ಒಂದು ಫೈಲ್ ಲಾಕ್ ಆಗಿದ್ರೆ ಸುಮ್ನೆ ಬಿಟ್ಟು ಮುಂದೆ ಹೋಗಲ್ಲ, ನಾವೇನೂ ಹೇಳದಿದ್ರೆ 30 ಸೆಕೆಂಡ್ ಕಾದು ಕಾದು 10 ಲಕ್ಷ ಸಲ ಪ್ರಯತ್ನ ಮಾಡುತ್ತೆ, ಬೆಳಗ್ಗೆ ನೀವು ಬರೋ ಹೊತ್ತಿಗೂ ಅದೇ ಫೈಲಿನ ಹತ್ರ ನಿಂತಿರುತ್ತೆ. ಕಮಾಂಡಿನ ಕೊನೆಗೆ /R:2 /W:5 ಅಂತ ಸ್ವಿಚ್ ಹಾಕಿ (ಮತ್ತೆ ಎರಡೇ ಸಲ ಪ್ರಯತ್ನ, ನಡುವೆ 5 ಸೆಕೆಂಡ್ ಕಾಯೋದು), ಲಾಗ್ ಫೈಲೂ ಬರೆಸಿ. ಶೆಡ್ಯೂಲರಲ್ಲಿ ರಿಸಲ್ಟ್ 1 ಅಂತ ಕಂಡ್ರೆ ಫೇಲ್ ಅಲ್ಲ, ಫೈಲ್ ಕಾಪಿ ಆಗಿದೆ ಅಂತ ಅರ್ಥ; 8 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಮಾತ್ರ ಲಾಗ್ ತೆಗೆದು ನೋಡಿ.

ಯಾರಾದ್ರೂ ಎಸ್‌ಎಂಬಿ 1 (ನೆಟ್‌ವರ್ಕಲ್ಲಿ ಫೈಲ್ ಹಂಚೋ ಹಳೇ ವಿಧಾನ) ಆನ್ ಮಾಡಿ ಸರಿಹೋಗುತ್ತೆ ಅಂದ್ರೆ ದಯವಿಟ್ಟು ಕೇಳ್ಬೇಡಿ, 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವಾನಾಕ್ರೈ ವೈರಸ್ ಹರಡಿದ್ದೇ ಅದರಲ್ಲಿದ್ದ ತೂತಿನಿಂದ. ಹಾಗೇ ನಾಸ್ ಶೇರಿಗೆ ಎಲ್ಲರಿಗೂ ರೈಟ್ ಪರ್ಮಿಶನ್ ಕೊಟ್ಟಿದ್ರೆ ಇವತ್ತೇ ತೆಗೀರಿ, ಆ ಬ್ಯಾಕಪ್ ಯೂಸರ್ ಒಬ್ಬನಿಗೆ ಸಾಕು.